ಡಬಲ್ ಅಂದರೆ ಏನು ಅಂತ ಮೊದಲು ಮಾತಾಡಿಕೊಳ್ಳಿ

ಬ್ರಿಡ್ಜ್ ಅನ್ನುವ ಇಸ್ಪೀಟಾಟದಲ್ಲಿ ಹೊಸದಾಗಿ ಜೊತೆಯಾದವರು ಮೊದಲು ಓಡುವುದೇ ಕನ್ವೆನ್ಷನ್‌ಗಳ ಹಿಂದೆ, ಅಂದರೆ ಒಂದೊಂದು ಮಾತಿಗೆ ಜೋಡಿ ಒಪ್ಪಿಕೊಳ್ಳುವ ವಿಶೇಷ ಅರ್ಥಗಳ ಹಿಂದೆ. ಸ್ಟೇಮನ್ ಆಯ್ತು, ಟ್ರಾನ್ಸ್‌ಫರ್ ಆಯ್ತು, ಬ್ಲ್ಯಾಕ್‌ವುಡ್ ಆಯ್ತು, ಇನ್ನೇನಿದೆ ಅಂತ ಹುಡುಕುತ್ತಾರೆ. ನನ್ನ ಪ್ರಕಾರ ಅಷ್ಟೊಂದು ಬೇಡ. ನಾಲ್ಕೈದು ಸಾಕು, ಆದರೆ ಅವುಗಳ ಬಗ್ಗೆ ಕೊನೆತನಕ ಮಾತಾಡಿಕೊಂಡಿರಬೇಕು, ಎದುರಾಳಿ ನಡುವೆ ಬಾಯಿ ಹಾಕಿದರೆ ಏನು ಮಾಡೋದು ಅನ್ನುವುದೂ ಸೇರಿ.

ಆಡದವರಿಗೆ ಸ್ವಲ್ಪ ಹೇಳುತ್ತೇನೆ. ನಾಲ್ಕು ಜನ, 52 ಎಲೆ, ಎದುರುಬದುರು ಕೂತ ಇಬ್ಬರು ಒಂದು ಜೋಡಿ. ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತೇ ಟ್ರಿಕ್. ಎಲೆ ಇಳಿಸುವ ಮೊದಲು ಎಷ್ಟು ಟ್ರಿಕ್ ಗೆಲ್ಲುತ್ತೇವೆ, ಯಾವ ತುರುಪು ಅಂತ ಬಿಡ್ಡಿಂಗ್ ನಡೆಯುತ್ತದೆ. ಇಡೀ ಬಿಡ್ಡಿಂಗ್‌ಗೆ ಇರುವುದು 38 ಮಾತು ಮಾತ್ರ: 35 ಬಿಡ್, ಜೊತೆಗೆ ಪಾಸ್, ಡಬಲ್ (ಎದುರಾಳಿಯ ಬಿಡ್‌ನ ಪಣ ಏರಿಸುವ ಮಾತು), ರೀಡಬಲ್ (ಅದನ್ನು ಇನ್ನೂ ಏರಿಸುವ ಮಾತು). ಕೈಯಲ್ಲಿರುವ 13 ಎಲೆಯ ಕಥೆಯನ್ನು ಇಷ್ಟರಲ್ಲೇ ಪಾರ್ಟ್ನರ್‌ಗೆ ತಿಳಿಸಬೇಕು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂತ ಲೆಕ್ಕ. ಇಬ್ಬರದೂ ಸೇರಿ 25ರ ಹತ್ತಿರ ಬಂದರೆ ಗೇಮ್, ಅಂದರೆ ದೊಡ್ಡ ಬೋನಸ್ ಸಿಗುವ ಮಟ್ಟದ ಬಿಡ್, ನೋಡಬಹುದು.

ಈಗ ಈ ಕೈ ನೋಡಿ. ಸ್ಪೇಡ್‌ನಲ್ಲಿ ರಾಜ, ಗುಲಾಮ, 7, 3. ಹಾರ್ಟ್ಸ್‌ನಲ್ಲಿ ರಾಣಿ, 10, 6, 2. ಡೈಮಂಡ್ 8 ಒಂದೇ. ಕ್ಲಬ್ಸ್‌ನಲ್ಲಿ ಎಕ್ಕ, 9, 5, 4. ಪಾರ್ಟ್ನರ್ ಒಂದು ನೋ ಟ್ರಂಪ್ (ತುರುಪಿಲ್ಲದೆ ಏಳು ಟ್ರಿಕ್; ಬಿಡ್‌ನ ಸಂಖ್ಯೆಗೆ ಆರು ಸೇರಿಸಿಕೊಳ್ಳಬೇಕು) ಅಂದರು, ಅಂದರೆ ಅವರ ಕೈಯಲ್ಲಿ 15ರಿಂದ 17 ಪಾಯಿಂಟ್. ನಮ್ಮದು 10. ಗೇಮ್ ಇದೆ. ಎದುರಾಳಿ ಸುಮ್ನೆ ಇದ್ದರೆ ಎರಡು ಕ್ಲಬ್ಸ್ ಅಂತ ಸ್ಟೇಮನ್ ಕೇಳಿದರೆ, ಅಂದರೆ 'ನಾಲ್ಕು ಎಲೆಯ ಮೇಜರ್ (ಸ್ಪೇಡ್ ಅಥವಾ ಹಾರ್ಟ್ಸ್) ಇದೆಯಾ' ಅಂತ ಕೇಳಿದರೆ ಮುಗಿಯಿತು. ಆದರೆ ಅವರು ಎರಡು ಡೈಮಂಡ್ ಅಂದುಬಿಟ್ಟರೆ? ಎರಡು ಕ್ಲಬ್ಸ್ ಅನ್ನುವ ದಾರಿಯೇ ಮುಚ್ಚಿತು. 'ನನ್ನ ಹತ್ತಿರ ಎರಡೂ ಮೇಜರ್ ಇದೆ' ಅನ್ನುವ ಅರ್ಥದಲ್ಲಿ ನೀವು ಡಬಲ್ ಹೇಳುತ್ತೀರಿ. ಪಾರ್ಟ್ನರ್ ಕಲಿತಿರುವುದು ಅಲ್ಲಿ ಡಬಲ್ ಅಂದರೆ ಪೆನಾಲ್ಟಿ, 'ಅವರನ್ನು ಇಲ್ಲೇ ಸೋಲಿಸೋಣ' ಅಂತ. ಪಾಸ್ ಮಾಡುತ್ತಾರೆ. ಡೈಮಂಡ್ ಒಂದೇ ಎಲೆ ಇಟ್ಟುಕೊಂಡು ನೀವು ನೋಡುತ್ತಾ ಕೂರುತ್ತೀರಿ, ಅವರು ಎಂಟು ಟ್ರಿಕ್ ಮಾಡಿ 180 ತೆಗೆದುಕೊಳ್ಳುತ್ತಾರೆ. ಪಕ್ಕದ ಟೇಬಲ್‌ನಲ್ಲಿ ನಿಮ್ಮದೇ ಎಲೆ ಹಿಡಿದವರು ನಾಲ್ಕು ಸ್ಪೇಡ್ ಮಾಡಿ 420 ಬರೆದಿರುತ್ತಾರೆ. ಟೀಮ್ ಆಟದಲ್ಲಿ ಅದು 12 ಐಎಂಪಿ (ಎರಡು ಟೇಬಲ್‌ಗಳ ಅಂಕದ ವ್ಯತ್ಯಾಸದಿಂದ ಬರುವ ಪಾಯಿಂಟ್) ನಷ್ಟ. ಇಬ್ಬರಲ್ಲಿ ಯಾರೂ ಕೆಟ್ಟದಾಗಿ ಆಡಿಲ್ಲ, ಒಂದೇ ಒಂದು ಮಾತು ಮೊದಲೇ ಆಡಿಕೊಂಡಿರಲಿಲ್ಲ ಅಷ್ಟೇ.

ಡಬಲ್ ಟೇಕ್‌ಔಟ್ ('ಬೇರೆ ರಂಗು ಹೇಳಿ' ಅನ್ನುವ ಅರ್ಥ) ಇರಲಿ ಪೆನಾಲ್ಟಿ ಇರಲಿ, ಎರಡೂ ನಡೆಯುತ್ತದೆ. ನಾನು ಇಲ್ಲಿ ಟೇಕ್‌ಔಟ್ ಕಡೆ, ಯಾಕಂದ್ರೆ ಅವರ ರಂಗಿನಲ್ಲಿ ಎಲೆ ಕಡಿಮೆ ಇರುವ ಕೈಗಳೇ ಜಾಸ್ತಿ ಬರುತ್ತವೆ.

ಇನ್ನೊಂದು, ಯಾವ ಬಿಡ್ ಫೋರ್ಸಿಂಗ್ (ಪಾರ್ಟ್ನರ್ ಪಾಸ್ ಮಾಡಬಾರದ್ದು), ಯಾವುದು ಅಲ್ಲ. ಒಬ್ಬರು ಹಳೇ ಇಂಗ್ಲಿಷ್ ಪುಸ್ತಕದಿಂದ ಏಕಾಲ್ ಅನ್ನುವ ಬಿಡ್ಡಿಂಗ್ ಪದ್ಧತಿ ಕಲಿತಿರುತ್ತಾರೆ, ಅವರಿಗೆ ಒಂದು ನೋ ಟ್ರಂಪ್ ಅಂದರೆ 12ರಿಂದ 14. ಇನ್ನೊಬ್ಬರು ಆನ್‌ಲೈನ್‌ನಲ್ಲಿ ಅಮೆರಿಕದ ಟೂ ಓವರ್ ಒನ್ ಪದ್ಧತಿ ಕಲಿತವರು. ಒಂದು ಸ್ಪೇಡ್ ಮೇಲೆ ಎರಡು ಕ್ಲಬ್ಸ್ ಬಂದರೆ ಟೂ ಓವರ್ ಒನ್‌ನವರಿಗೆ ಅದು ಗೇಮ್‌ವರೆಗೆ ನಿಲ್ಲಿಸಬಾರದ ಬಿಡ್, ಏಕಾಲ್‌ನವರಿಗೆ ಒಂದು ಸುತ್ತಿಗೆ ಮಾತ್ರ. ಇಬ್ಬರೂ 'ನ್ಯಾಚುರಲ್ ಆಡೋಣ' ಅಂತ ಹೇಳಿಕೊಂಡೇ ಕೂತಿರುತ್ತಾರೆ!

ಈ ಒಪ್ಪಂದಗಳು ಗುಟ್ಟಲ್ಲ ಅನ್ನುವುದು ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ವಿಷಯ. ಎದುರಾಳಿ ಕೇಳಿದರೆ ಬಿಡ್‌ನ ಅರ್ಥ ಹೇಳಲೇಬೇಕು, ವಿಶೇಷ ಅರ್ಥವಿದ್ದು ಅಲರ್ಟ್ ಮಾಡಬೇಕಾದ ಬಿಡ್‌ಗೆ ಅಲರ್ಟ್ ಮಾಡಲೇಬೇಕು, ಅಂದರೆ ಎದುರಾಳಿಯನ್ನು ಎಚ್ಚರಿಸಲೇಬೇಕು. ಪಾರ್ಟ್ನರ್ ತುಂಬಾ ಹೊತ್ತು ಯೋಚಿಸಿ ಪಾಸ್ ಮಾಡಿದರೆ, ಆ ಯೋಚನೆಯಿಂದ ನಾವು ಏನನ್ನೂ ಲಾಭ ಮಾಡಿಕೊಳ್ಳುವ ಹಾಗಿಲ್ಲ. ಒಪ್ಪಂದ ಗಟ್ಟಿ ಇದ್ದಷ್ಟೂ ಇದು ಸುಲಭ, ಮುಖ ನೋಡಿ ಊಹಿಸುವ ಅಗತ್ಯವೇ ಬರುವುದಿಲ್ಲ ಅಲ್ವಾ.

2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ ಪುರುಷರ ಪೇರ್‌ನಲ್ಲಿ ಚಿನ್ನ ಗೆದ್ದರು. ಒಬ್ಬರಿಗೆ 60, ಇನ್ನೊಬ್ಬರಿಗೆ 56. ತುಂಬಾ ವರ್ಷ ಜೊತೆಗೆ ಆಡಿದವರು. ಸುದ್ದಿಯಲ್ಲಿ ಎಲ್ಲರೂ ವಯಸ್ಸಿನ ಬಗ್ಗೆ ಮಾತಾಡಿದರು, ನನಗೆ ಕಂಡದ್ದು ಆ ಜೊತೆ.

ನನ್ನ ಪಾರ್ಟ್ನರ್ ಮತ್ತು ನಾನು ಟೇಬಲ್‌ನಲ್ಲಿ ವಾದ ಮಾಡುವುದಿಲ್ಲ. ಗೊಂದಲವಾದ ಬೋರ್ಡ್ (ಒಂದು ಹಂಚಿಕೆಯ ಎಲೆಗಳು) ನಂಬರ್ ಬರೆದಿಟ್ಟು ಆಟ ಮುಗಿದ ಮೇಲೆ ಕೂರುತ್ತೇವೆ. ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಫೋರ್ಸಿಂಗ್ ಪಾಸ್. ನಾವು ನಾಲ್ಕು ಸ್ಪೇಡ್ ಅಂದಮೇಲೆ ಅವರು ಐದು ಡೈಮಂಡ್ ಅಂದರೆ, ನನ್ನ ಪಾಸ್ 'ನೀವು ನಿರ್ಧಾರ ಮಾಡಿ' ಅಂತಲೋ, 'ನನ್ನದು ಮುಗಿಯಿತು' ಅಂತಲೋ? ನಾವು ವಲ್ನರಬಲ್ (ಬೋನಸ್, ದಂಡ ಎರಡೂ ಜಾಸ್ತಿ ಇರುವ ಸ್ಥಿತಿ) ಆಗಿ, ಬಲದ ಮೇಲೆ ಗೇಮ್‌ಗೆ ಹೋಗಿದ್ದರೆ ಮಾತ್ರ ಫೋರ್ಸಿಂಗ್ ಇರಲಿ ಅಂತ ನನ್ನ ವಾದ. ನನ್ನ ಪಾರ್ಟ್ನರ್ ಇನ್ನೂ ಒಪ್ಪಿಲ್ಲ.