ಎಂಜಿನ್ ಕಟ್ಟುವ ಮನೆಯ ಅಳತೆ ಪುಸ್ತಕ

ಈ ವಾರ ನಮ್ಮ ವರ್ಕ್‌ಶಾಪಿನಲ್ಲಿ ಒಂಬತ್ತು ಎಂಜಿನ್‌ಗಳಿವೆ. ಎರಡನ್ನು ಬಿಚ್ಚಿ ಟ್ರೇಗಳಲ್ಲಿ ಹರಡಿದ್ದೇವೆ, ಮೂರರ ಬ್ಲಾಕ್‌ಗಳು (ಸಿಲಿಂಡರುಗಳಿರುವ ಮೈ) ಪೀಣ್ಯದ ಬೋರಿಂಗ್ ಶಾಪಿನಲ್ಲಿ ಸರದಿ ಕಾಯುತ್ತಿವೆ, ಒಂದರ ಕ್ರ್ಯಾಂಕ್ (ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಬ್ಯಾಲೆನ್ಸಿಂಗ್‌ಗೆ ಹೋಗಿದೆ, ಎರಡಕ್ಕೆ ಪಿಸ್ಟನ್ ಇನ್ನೂ ಬಂದಿಲ್ಲ. ಉಳಿದ ಒಂದು ಮಾತ್ರ ಜೋಡಣೆಯ ಕೋಣೆಯಲ್ಲಿ, ಸ್ಟ್ಯಾಂಡಿನ ಮೇಲೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ಇದೆ. ರೇಸ್ ಋತು ಹತ್ತಿರವಾಗುತ್ತಿದ್ದಂತೆ ಎಲ್ಲ ಒಂಬತ್ತು ಮಂದಿಯ ಪ್ರಶ್ನೆಯೂ ಒಂದೇ ಆಗುತ್ತದೆ: "ಸರ್, ಶುಕ್ರವಾರಕ್ಕೆ ಕೊಡ್ತೀರಾ?" ಇಷ್ಟು ವರ್ಷಗಳಲ್ಲಿ ನಾನು ಕಲಿತ ಅತ್ಯಂತ ಕಷ್ಟದ ಉತ್ತರವೆಂದರೆ "ಅಳತೆ ಸರಿಯಾಗಿ ಬಂದ ಮೇಲೆ ಹೇಳುತ್ತೇನೆ" ಎಂಬುದು.

ನಾವು ಕಟ್ಟುವ ಎಂಜಿನ್‌ಗಳಲ್ಲಿ ಹೆಚ್ಚಿನವು ಮಾರುತಿಯ 1,298 ಸಿಸಿಯ ಜಿ13 ಕುಟುಂಬಕ್ಕೆ ಸೇರಿದವು. ಎಸ್ಟೀಮ್, ಜಿಪ್ಸಿ, ಮೊದಲ ತಲೆಮಾರಿನ ಸ್ವಿಫ್ಟ್, ಈ ಮೂರೂ ಗಾಡಿಗಳಲ್ಲಿ ಇದೇ ಕುಟುಂಬದ ಎಂಜಿನ್ ಓಡಿದೆ. ಆಗಾಗ ಹಳೆಯ ಹೋಂಡಾ ಸಿಟಿ ವಿಟೆಕ್ ಬರುತ್ತದೆ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ, ತಂದೆಯ ಕಾಲದ ಫಿಯೆಟ್ ಕಾರನ್ನು ಮತ್ತೆ ವೇಗದ ಗಾಡಿಯಾಗಿಸಬೇಕೆಂಬ ಆಸೆಯಿಂದ ಯಾರಾದರೂ ಬರುತ್ತಾರೆ. ಹೊರದೇಶಗಳಲ್ಲಿ ಇಂಥ ವರ್ಕ್‌ಶಾಪ್ ಎಂದರೆ ಪೋರ್ಷೆ, ಫೆರಾರಿಗಳ ಚಿತ್ರ ಕಣ್ಣಮುಂದೆ ಬರಬಹುದು. ನಮ್ಮ ನೆಲದಲ್ಲಿ ಮೋಟಾರ್ ಕ್ರೀಡೆ ಬೆಳೆದದ್ದು ಬಡಾವಣೆಯ ಬೀದಿಗಳಲ್ಲಿ ನಿಲ್ಲುವ ಕಾರುಗಳ ಎಂಜಿನ್‌ನಿಂದಲೇ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು 1988ರಲ್ಲಿ ಫಾರ್ಮುಲಾ ಮಾರುತಿ ಕಾರನ್ನು ರೂಪಿಸಿದಾಗ ಅದರ ಬೆನ್ನಿಗೆ ಕೂರಿಸಿದ್ದು ಮಾರುತಿ 800ರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನನ್ನು. ರೇಸ್ ನಡೆಯುತ್ತಿದ್ದ ಶೋಳವರಂನ ಹಳೆಯ ವಿಮಾನದಾರಿಯ ಕಾಲ ಮುಗಿದು ಇರುಂಗಾಟ್ಟುಕೋಟ್ಟೈಯಲ್ಲಿ ಮದ್ರಾಸಿನ ಟ್ರ್ಯಾಕ್ ತೆರೆದ ದಿನಗಳಲ್ಲಿ ಒಂದಿಡೀ ತಲೆಮಾರು ರೇಸ್ ಕಲಿತದ್ದು ಇಂಥ ಪುಟ್ಟ ಎಂಜಿನ್‌ಗಳಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರು ತೋರಿಸಿದ ದಾರಿಯಲ್ಲೇ ನಮ್ಮಂಥವರ ಅನ್ನ ಹುಟ್ಟಿತು ಎಂಬ ಕೃತಜ್ಞತೆ ನನಗೆ ಇಂದಿಗೂ ಇದೆ.

ಜಿ13 ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75.5 ಮಿ.ಮೀ. ಈ ಎರಡು ಸಂಖ್ಯೆಗಳಿಂದ ನಮ್ಮ ಲೆಕ್ಕವೆಲ್ಲ ಶುರುವಾಗುತ್ತದೆ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರುವಾಗ ತಳ್ಳುವ ಗಾತ್ರ ಸುಮಾರು 324.7 ಸಿಸಿ. ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳಗಿದ್ದಾಗ ಸಿಲಿಂಡರಿನಲ್ಲಿರುವ ಜಾಗ, ಅದು ಮೇಲಿದ್ದಾಗ ಉಳಿಯುವ ಜಾಗದ ಎಷ್ಟು ಪಟ್ಟು ಎಂಬುದು) 9.5 ಇದೆ ಎಂದಿಟ್ಟುಕೊಂಡರೆ, ಪಿಸ್ಟನ್ ತುತ್ತತುದಿ ಮುಟ್ಟಿದಾಗ ಅದರ ಮೇಲೆ ಉಳಿಯುವ ಜಾಗ 38.2 ಸಿಸಿ. ಅದನ್ನು 11ಕ್ಕೆ ಏರಿಸಬೇಕಾದರೆ ಆ ಜಾಗ 32.5 ಸಿಸಿಗೆ ಇಳಿಯಬೇಕು. ಅಂದರೆ ಒಂದು ಟೀ ಚಮಚವನ್ನು ಸ್ವಲ್ಪ ಮೀರಿದ ಗಾತ್ರವನ್ನು ಪ್ರತಿ ಸಿಲಿಂಡರಿನಿಂದ, ನಾಲ್ಕರಲ್ಲೂ ಸಮನಾಗಿ, ತೆಗೆಯಬೇಕು. ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ಡನ್ನು ಕೆರೆಸಿ ತೆಗೆಯುವುದೋ, ತಲೆ ಉಬ್ಬಿದ ಪಿಸ್ಟನ್ ಹಾಕುವುದೋ, ತೆಳುವಾದ ಗ್ಯಾಸ್ಕೆಟ್ ಬಳಸುವುದೋ ಎಂಬುದು ಗಿರಾಕಿ ಆ ಕಾರನ್ನು ಎಲ್ಲಿ ಓಡಿಸುತ್ತಾನೆ ಎಂಬುದರ ಮೇಲೆ ನಿಂತಿದೆ. ಹೆಡ್ಡನ್ನು ಹೆಚ್ಚು ಕೆರೆದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ಕ್ರ್ಯಾಂಕ್ ನಡುವಿನ ದೂರ ತಗ್ಗಿ ವಾಲ್ವುಗಳ ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ, ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಎಂಜಿನ್‌ನಲ್ಲಿ ಒಂದು ಅಳತೆಯನ್ನು ಮುಟ್ಟಿದರೆ ಇನ್ನೆರಡು ಅಳತೆಗಳು ತಾವಾಗಿಯೇ ಬದಲಾಗಿರುತ್ತವೆ.

ಆದ್ದರಿಂದಲೇ ನಮ್ಮಲ್ಲಿ ಪ್ರತಿ ಎಂಜಿನ್ನಿಗೂ ಒಂದು ನೋಟುಪುಸ್ತಕವಿದೆ. ಇನ್ನೂರು ಪುಟದ, ರಟ್ಟಿನ ಹೊದಿಕೆಯ, ಮಕ್ಕಳು ಶಾಲೆಗೆ ಒಯ್ಯುವಂಥ ಪುಸ್ತಕ. ಕಂಪ್ಯೂಟರಿನಲ್ಲಿ ಬರೆದಿಡಿ ಎಂದು ಎಳೆಯ ಹುಡುಗರು ಹಲವು ಸಲ ಹೇಳಿದ್ದಾರೆ. ಎಣ್ಣೆಯ ಕೈಯಲ್ಲಿ, ಮೈಕ್ರೋಮೀಟರ್ ಹಿಡಿದುಕೊಂಡೇ, ಓದಿದ ಅಂಕಿಯನ್ನು ತಕ್ಷಣ ಬರೆಯಲು ಪೆನ್ಸಿಲ್ ಮತ್ತು ಕಾಗದಕ್ಕಿಂತ ನಂಬಿಕೆಯ ಸಾಧನ ನನಗೆ ಸಿಕ್ಕಿಲ್ಲ. ಬೋರ್ ಗೇಜ್ ಇಳಿಸಿ ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ, ಒಟ್ಟು ಆರು ಕಡೆ ಅಳೆಯುತ್ತೇವೆ. ನಾಲ್ಕು ಸಿಲಿಂಡರಿಗೆ 24 ಅಂಕಿಗಳು. ಬೆಳಿಗ್ಗೆ ತಂಪಿನಲ್ಲಿ ಅಳೆದದ್ದನ್ನು ಮಧ್ಯಾಹ್ನ ಬಿಸಿಲೇರಿದ ಮೇಲೆ ಅಳೆದದ್ದರೊಂದಿಗೆ ಹೋಲಿಸುವಂತಿಲ್ಲ; ಬ್ಲಾಕ್, ಪಿಸ್ಟನ್, ಗೇಜ್ ಮೂರೂ ಒಂದೇ ಕೋಣೆಯಲ್ಲಿ ರಾತ್ರಿ ಕಳೆದಿರಬೇಕು. ಹೆಡ್ ಬೋಲ್ಟುಗಳನ್ನು ಬಿಗಿದಾಗ ಸಿಲಿಂಡರಿನ ಗೋಡೆ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗುತ್ತದೆ. ಹಾಗಾಗಿ ಹೋನಿಂಗ್ (ಸಿಲಿಂಡರಿನ ಗೋಡೆಯನ್ನು ಉಜ್ಜಿ ಕೊನೆಯ ಅಳತೆಗೆ ತರುವುದು) ಮಾಡುವಾಗ ಹೆಡ್ಡಿನ ಬದಲಿಗೆ ದಪ್ಪನೆಯ ಟಾರ್ಕ್ ಪ್ಲೇಟ್ ಒಂದನ್ನು ಬ್ಲಾಕಿನ ಮೇಲೆ ಅಷ್ಟೇ ಬಲದಿಂದ ಬಿಗಿದು, ಆ ಸೊಟ್ಟ ಸ್ಥಿತಿಯಲ್ಲಿಯೇ ರಂಧ್ರವನ್ನು ದುಂಡಗೆ ಮಾಡಬೇಕು. ಬೋರಿಂಗ್ ಶಾಪಿನ ಯಜಮಾನರಿಗೆ ಇದು ಮೊದಮೊದಲು ಅತಿರೇಕ ಎನಿಸಿತ್ತು. ಪ್ಲೇಟ್ ಬಿಗಿದು ಅಳೆದ ಅಂಕಿಗಳನ್ನು ಬಿಚ್ಚಿ ಅಳೆದ ಅಂಕಿಗಳ ಪಕ್ಕದಲ್ಲಿ ಬರೆದು ತೋರಿಸಿದ ದಿನದಿಂದ ಅವರೇ ಮೊದಲು ಕೇಳುತ್ತಾರೆ, "ಪ್ಲೇಟ್ ತಂದಿದ್ದೀರಾ?"

ರಿಂಗುಗಳ ಸಂದು, ಬೇರಿಂಗಿನ ಎಣ್ಣೆಯ ಸಂದು, ಕ್ರ್ಯಾಂಕಿನ ಉದ್ದುದ್ದ ಆಟ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ತೂಕ, ಚೇಂಬರುಗಳ ಗಾತ್ರ, ಎಲ್ಲವೂ ಅದೇ ಪುಸ್ತಕಕ್ಕೆ ಹೋಗುತ್ತವೆ. ರಾಡುಗಳನ್ನು ಬರೇ ತೂಗಿದರೆ ಸಾಲದು; ದೊಡ್ಡ ತುದಿಯನ್ನೂ ಸಣ್ಣ ತುದಿಯನ್ನೂ ಬೇರೆಬೇರೆಯಾಗಿ ತೂಗಿ, ನಾಲ್ಕೂ ಅರ್ಧ ಗ್ರಾಮಿನೊಳಗೆ ಹೊಂದುವವರೆಗೆ ಕೆರೆಯಬೇಕು. ಈ ಕೆಲಸಕ್ಕೆ ಒಂದು ಪೂರ್ತಿ ದಿನ ಹಿಡಿಯುತ್ತದೆ.

ಇಷ್ಟೊಂದು ಸೂಕ್ಷ್ಮ ಏಕೆ ಎಂದು ಕೇಳುವವರಿಗೆ ನಾನು ವೇಗದ ಲೆಕ್ಕ ಹೇಳುತ್ತೇನೆ. ರಸ್ತೆಯ ಗಾಡಿಯಲ್ಲಿ ನಿಮಿಷಕ್ಕೆ 6,500 ಸುತ್ತಿಗೆ ನಿಲ್ಲುತ್ತಿದ್ದ ಎಂಜಿನ್ನನ್ನು ನಾವು 7,800ಕ್ಕೆ ಒಯ್ಯುತ್ತೇವೆ ಎಂದುಕೊಳ್ಳಿ. ಸುತ್ತು ಏರಿದ್ದು ಪ್ರತಿಶತ 20. ಆದರೆ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ರಾಡಿನ ಮೇಲಿನ ಎಳೆತ ಪ್ರತಿಶತ 44 ಹೆಚ್ಚುತ್ತದೆ. ಆ ವೇಗದಲ್ಲಿ ಪಿಸ್ಟನ್ ತುತ್ತತುದಿಯಲ್ಲಿ ತಿರುಗುವ ಕ್ಷಣಕ್ಕೆ ಅದರ ಮೇಲಿನ ವೇಗೋತ್ಕರ್ಷ ಗುರುತ್ವಾಕರ್ಷಣೆಯ 3,000 ಪಟ್ಟನ್ನು ದಾಟುತ್ತದೆ. 300 ಗ್ರಾಂ ತೂಗುವ ಪಿಸ್ಟನ್ ಆಗ 900 ಕಿಲೋಗೂ ಮೀರಿದ ಭಾರದಂತೆ ರಾಡನ್ನು ಮೇಲಕ್ಕೆ ಜಗ್ಗುತ್ತದೆ, ಅದೂ ಒಂದು ಸೆಕೆಂಡಿಗೆ 130 ಸಲ. ಆ ಜಗ್ಗಾಟವನ್ನು ತಡೆದು ನಿಲ್ಲುವುದು ಪ್ರತಿ ರಾಡಿನ ಎರಡು ಬೋಲ್ಟುಗಳು.

ಆ ಬೋಲ್ಟುಗಳ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಹಲವು ವರ್ಷಗಳ ಹಿಂದೆ, ಹೀಗೆಯೇ ಕೆಲಸ ಕಿಕ್ಕಿರಿದಿದ್ದ ಒಂದು ಸಂಜೆ, ನಾನು ರಾಡ್ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿಯುತ್ತಿದ್ದಾಗ ಫೋನ್ ಬಂತು. ಇನ್ನೊಂದು ಎಂಜಿನ್ನಿನ ಗಿರಾಕಿ, ಇನ್ನೊಂದು ಶುಕ್ರವಾರದ ಪ್ರಶ್ನೆ. ಮಾತು ಮುಗಿಸಿ ಬಂದು ಉಳಿದವನ್ನು ಬಿಗಿದೆ ಎಂದೇ ನಂಬಿ ಕೆಳಗಿನ ಎಣ್ಣೆಯ ಚೇಂಬರ್ ಮುಚ್ಚಿದೆ. ಅಭ್ಯಾಸದ ಓಟದ ಎರಡನೆಯ ದಿನ, ನೇರ ದಾರಿಯ ಕೊನೆಯಲ್ಲಿ, ಮೂರನೆಯ ಸಿಲಿಂಡರಿನ ರಾಡ್ ಕಳಚಿ ಬ್ಲಾಕನ್ನು ಸೀಳಿಕೊಂಡು ಹೊರಬಂತು. ಎಣ್ಣೆ ಹಿಂದಿನ ಚಕ್ರಗಳವರೆಗೂ ಚೆಲ್ಲಿತು. ಓಡಿಸುತ್ತಿದ್ದ ಹುಡುಗ ಗಾಡಿಯನ್ನು ಹುಲ್ಲಿನ ಮೇಲೆ ಇಳಿಸಿ ಕ್ಷೇಮವಾಗಿ ಹೊರಬಂದ. ಅವನ ತಂದೆ ನನ್ನನ್ನು ಬೈಯಲಿಲ್ಲ. ಒಡೆದ ಬ್ಲಾಕನ್ನು ಮರಳಿ ತಂದು ಬಿಚ್ಚಿ ನೋಡಿದಾಗ ಒಂದು ಬೋಲ್ಟಿನ ಎಳೆಗಳು ಎಳೆತಕ್ಕೆ ಕಿತ್ತುಹೋಗಿದ್ದವು. ಅದರ ಜೊತೆಯದು ಒಂದಿಷ್ಟೂ ಹಾಳಾಗದೆ, ಸುಮ್ಮನೆ ಸಡಿಲಾಗಿ ಕಳಚಿಕೊಂಡಿತ್ತು. ಹಾಳಾಗದೆ ಉಳಿದ ಆ ಬೋಲ್ಟೇ ನನ್ನ ಫೋನಿನ ಸಾಕ್ಷಿಯಾಗಿತ್ತು. ಹೊಸ ಎಂಜಿನ್ನನ್ನು ನನ್ನ ಖರ್ಚಿನಲ್ಲಿ ಕಟ್ಟಿಕೊಟ್ಟೆ. ಆ ಬೋಲ್ಟ್ ಇಂದಿಗೂ ಜೋಡಣೆಯ ಕೋಣೆಯ ಕಿಟಕಿಯ ಮೇಲಿದೆ.

ಅಂದಿನಿಂದ ವರ್ಕ್‌ಶಾಪಿನ ನಡೆ ಬದಲಾಯಿತು. ಜೋಡಣೆಯ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಒಂದು ಎಂಜಿನ್ನಿನ ಕೆಳಭಾಗವನ್ನು ಯಾರು ಜೋಡಿಸಲು ಶುರುಮಾಡುತ್ತಾರೋ ಅವರೇ ಮುಗಿಸಬೇಕು. ಬಿಗಿದ ಪ್ರತಿ ಬೋಲ್ಟಿನ ತಲೆಗೂ ಹಳದಿ ಬಣ್ಣದ ಗೆರೆ ಎಳೆಯಬೇಕು. ಆಮೇಲೆ ಇನ್ನೊಬ್ಬರು ಬಂದು ಅದೇ ಬೋಲ್ಟುಗಳನ್ನು ರೆಂಚಿನಿಂದ ಮುಟ್ಟಿ ನೋಡಿ ಬಿಳಿ ಗೆರೆ ಎಳೆಯಬೇಕು. ನಡುವೆ ಎದ್ದು ಹೋಗಲೇಬೇಕಾದರೆ ಬಿಗಿದದ್ದೆಲ್ಲವನ್ನೂ ಸಡಿಲಿಸಿ ಮೊದಲಿನಿಂದ ಆರಂಭಿಸಬೇಕು. ನಮ್ಮ ಹಿರಿಯ ಫಿಟ್ಟರ್ ಅಣ್ಣನವರು ಈ ನಿಯಮವನ್ನು ನನಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಒಮ್ಮೆ ನಾನು ಬಾಗಿಲಲ್ಲಿ ನಿಂತು ಏನೋ ಕೇಳಿದಾಗ ಅವರು ತಲೆಯೆತ್ತದೆ, "ಆಮೇಲೆ ಬನ್ನಿ" ಎಂದು ನನ್ನನ್ನೇ ಕಳುಹಿಸಿದರು. ಅಂದು ನನಗಾದ ಸಮಾಧಾನ ದೊಡ್ಡದು.

ಗಿರಾಕಿಗಳ ದಿನಾಂಕವನ್ನು ಒಪ್ಪಿಕೊಳ್ಳುವ ರೀತಿಯೂ ಬದಲಾಯಿತು. ಜೋಡಣೆಗೆ ಬೇಕಾದ ಎಲ್ಲ ಬಿಡಿಭಾಗಗಳೂ ಟ್ರೇಗೆ ಬಂದು, ತೊಳೆದು, ಅಳೆದು, ಪುಸ್ತಕಕ್ಕೆ ಏರುವವರೆಗೆ ನಾವು ದಿನ ಹೇಳುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಗ್ಯಾಸ್ಕೆಟ್, ಬೇರಿಂಗ್ ಸಿಗುತ್ತವೆ. ಫೋರ್ಜ್ಡ್ ಪಿಸ್ಟನ್ನನ್ನು ಅಳತೆ ಕೊಟ್ಟು ಮಾಡಿಸಿ ತರಿಸಬೇಕು, ಅದಕ್ಕೆ ಎಷ್ಟು ವಾರ ಹಿಡಿಯುವುದೋ ನಮ್ಮ ಕೈಯಲ್ಲಿಲ್ಲ. ಒಂದೇ ಒಂದು ಶೆಲ್ ಬೇರಿಂಗ್ ಬಾರದಿದ್ದರೂ ಸ್ಟ್ಯಾಂಡ್ ಏರಿದ ಎಂಜಿನ್ ಸ್ಟ್ಯಾಂಡಿನಲ್ಲೇ ಕೂತು ಉಳಿದವರ ದಾರಿಯನ್ನು ತಡೆಯುತ್ತದೆ. ಈ ಕ್ರಮದಿಂದ ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಅವರನ್ನು ಕಳೆದುಕೊಂಡ ಬೇಸರವಿದೆ, ಕ್ರಮವನ್ನು ಬದಲಿಸುವ ಮನಸ್ಸಿಲ್ಲ.

ನಮ್ಮೂರಿನ ಎಂಜಿನ್ ಕಟ್ಟುವವರು ಎದುರಿಸುವ ಒಂದು ಸಂಗತಿಯನ್ನೂ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲ ತೀರಕ್ಕಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಅಷ್ಟರಮಟ್ಟಿಗೆ ಇಲ್ಲಿ ಕುಗ್ಗಿರುತ್ತದೆ. ಇಲ್ಲಿ ಚೆನ್ನಾಗಿ ಓಡಲೆಂದು ಕಾರ್ಬ್ಯುರೇಟರಿಗೆ ಸಣ್ಣ ಜೆಟ್ (ಪೆಟ್ರೋಲ್ ಹರಿಯುವ ಕಿಂಡಿ) ಹಾಕಿ, ಇಗ್ನಿಷನ್ ಮುಂದಕ್ಕೆ ಸರಿಸಿ, ಅದೇ ಸೆಟ್ಟಿಂಗಿನಲ್ಲಿ ಶ್ರೀಪೆರಂಬುದೂರಿನ ಹತ್ತಿರದ ಅದೇ ಮದ್ರಾಸಿನ ಟ್ರ್ಯಾಕಿಗೆ ಇಳಿದರೆ, ಅಲ್ಲಿ ಗಾಳಿ ದಟ್ಟವಾಗಿದ್ದು ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಅಲ್ಲಿನ ಬಿಸಿಲಿನಿಂದ ಗಾಳಿ ಒಂದಿಷ್ಟು ತೆಳುವಾಗುತ್ತದೆ ನಿಜ, ಆದರೂ ಇಲ್ಲಿಗಿಂತ ದಟ್ಟವೇ. ಮೇಲಾಗಿ ಆ ಬಿಸಿ ನಾಕಿಂಗ್‌ಗೆ, ಅಂದರೆ ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದಕ್ಕೆ, ದಾರಿ ಮಾಡಿಕೊಡುತ್ತದೆ. ಮನೆಯಲ್ಲಿ ಮುದ್ದಾಗಿ ಹಾಡುತ್ತಿದ್ದ ಎಂಜಿನ್ ಅಲ್ಲಿ ಹತ್ತು ಸುತ್ತಿನೊಳಗೆ ಪಿಸ್ಟನ್ನಿನ ಅಂಚನ್ನು ಕರಗಿಸಿಕೊಳ್ಳುತ್ತದೆ. ಹಾಗಾಗಿ ಘಟ್ಟ ಇಳಿಯುವ ಪ್ರತಿ ಕಾರಿನ ಜೊತೆಗೂ ದೊಡ್ಡ ಜೆಟ್ಟುಗಳ ಒಂದು ಸಣ್ಣ ಡಬ್ಬಿ, ಇಗ್ನಿಷನ್ ಟೈಮಿಂಗ್ ಎಷ್ಟು ಹಿಂದಕ್ಕೆ ಎಂದು ಬರೆದ ಚೀಟಿ ಹೋಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗೆ ಹೋಗುವ ಜಿಪ್ಸಿಗೆ ಈ ಭಯವಿಲ್ಲ. ಅದಕ್ಕೆ ಬೇಕಿರುವುದು ತಿರುವು ದಾಟಿದೊಡನೆ 3,500 ಸುತ್ತಿನಿಂದಲೇ ಎಳೆಯುವ ಕಸುವು, ಆದ್ದರಿಂದ ಅದರ ಕ್ಯಾಮ್ ಸೌಮ್ಯವಾಗಿರಬೇಕು.

ಇತ್ತೀಚೆಗೆ ಇಂಧನವೂ ನಮ್ಮ ಲೆಕ್ಕವನ್ನು ತಿದ್ದಿದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಸರಿಹೊಂದಿದರೆ, ಪ್ರತಿಶತ 20 ಎಥನಾಲ್ ಬೆರೆತ ಪೆಟ್ರೋಲಿಗೆ ಸುಮಾರು 13.5 ಪಾಲು ಸಾಕು. ಹಳೆಯ ಜೆಟ್ಟಿನಲ್ಲಿ ಹೊಸ ಇಂಧನ ಸುರಿದರೆ ಎಂಜಿನ್ ಸದ್ದಿಲ್ಲದೆ ಹಸಿದಿರುತ್ತದೆ. ಎಥನಾಲ್ ಹಳೆಯ ರಬ್ಬರನ್ನು ಹಾಳುಮಾಡುವುದರಿಂದ, ಹಳೆಯ ಫಿಯೆಟ್‌ಗಳು ಬಂದಾಗ ನಾವು ಮೊದಲು ಇಂಧನದ ರಬ್ಬರ್ ಪೈಪುಗಳನ್ನು ಬದಲಿಸುತ್ತೇವೆ. 11ರ ಕಂಪ್ರೆಷನ್ ಬೇಕೆನ್ನುವವರಿಗೆ ಇಂಡಿಯನ್ ಆಯಿಲ್ 2020ರಲ್ಲಿ ತಂದ, ನಾಕಿಂಗನ್ನು ಹೆಚ್ಚು ತಡೆಯುವ 100 ಆಕ್ಟೇನಿನ ಪೆಟ್ರೋಲು ಒಂದು ದಾರಿ. ಅದು ಸಿಗುವ ಬಂಕ್ ತಮ್ಮ ಮನೆಯಿಂದ ಎಷ್ಟು ದೂರ ಎಂದು ತಿಳಿದುಕೊಂಡು ಬನ್ನಿ ಎಂದು ಅವರಿಗೆ ಮೊದಲೇ ಹೇಳಿಬಿಡುತ್ತೇನೆ.

ಜೋಡಣೆಯ ಕೋಣೆಯಲ್ಲಿರುವ ಎಂಜಿನ್ ಒಂದು ಜಿಪ್ಸಿಯದು. ನಿನ್ನೆ ಸಂಜೆ ಅದರ ಹೆಡ್ ಕೂರಿಸಿದೆವು. ಕ್ರ್ಯಾಂಕಿನ ತುದಿಗೆ ಡಿಗ್ರಿ ಚಕ್ರ ಕಟ್ಟಿ, ವಾಲ್ವಿನ ಮೇಲೆ ಡಯಲ್ ಗೇಜ್ ನಿಲ್ಲಿಸಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಕ್ಯಾಮ್ ಟೈಮಿಂಗ್ ನೋಡಿದೆವು. ಇನ್‌ಟೇಕ್ ವಾಲ್ವಿಗೂ ಪಿಸ್ಟನ್ನಿಗೂ ನಡುವೆ ನಾವು ಕನಿಷ್ಠ 2 ಮಿ.ಮೀ. ಬಿಡುತ್ತೇವೆ, ಮೂರು ಸಿಲಿಂಡರುಗಳಲ್ಲಿ 2.2 ಬಂತು, ನಾಲ್ಕನೆಯದರಲ್ಲಿ 1.9. ಮತ್ತೆ ಅಳೆದೆವು, ಮತ್ತೆ 1.9. ಮಾಲೀಕರಿಗೆ ನಾಳೆಯೇ ಗಾಡಿ ಬೇಕಿತ್ತು. ಕಾರಣ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಬಿಚ್ಚಿ ನೋಡಿ" ಎಂದರು. ಪುಸ್ತಕದಲ್ಲಿ ನಾಲ್ಕನೆಯ ಪಿಸ್ಟನ್ನಿನ ಎತ್ತರದ ಪುಟ ತೆರೆದು ಅಣ್ಣನವರು ಪೆನ್ಸಿಲಿನಿಂದ ಒಂದು ವೃತ್ತ ಎಳೆದಿಟ್ಟಿದ್ದಾರೆ. ಇಂದು ಬೆಳಿಗ್ಗೆ ಹೆಡ್ ಬಿಚ್ಚಲು ಅಲ್ಲಿಂದಲೇ ಶುರು.