ಒಂದೇ ಕ್ಷಣದ ಎರಡು ಟ್ರಿಗರ್‌ಗಳು

ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಒಂದೇ ಘಟನೆಯಿಂದ ಹಲವು ಟ್ರಿಗರ್‌ಗಳು (ಏನಾದರೂ ನಡೆದಾಗ ತಾವಾಗಿಯೇ ಶುರುವಾಗುವ ಕಾರ್ಡ್ ಪರಿಣಾಮಗಳು) ಚಾಲನೆಗೊಂಡಾಗ, 603.3ಬಿ ನಿಯಮದಂತೆ, ಯಾರ ಸರದಿ ನಡೆಯುತ್ತಿದೆಯೋ ಅವರು ತಮ್ಮವನ್ನು ತಮಗೆ ಬೇಕಾದ ಕ್ರಮದಲ್ಲಿ ಮೊದಲು ಸ್ಟ್ಯಾಕ್‌ಗೆ, ಅಂದರೆ ಪರಿಣಾಮಗಳು ಒಂದರ ಮೇಲೊಂದು ಕಾಯುವ ರಾಶಿಗೆ, ಏರಿಸುತ್ತಾರೆ. ಎದುರಾಳಿ ತನ್ನವನ್ನು ಅವುಗಳ ಮೇಲಿಡುತ್ತಾರೆ. ಮೇಲಿರುವುದೇ ಮೊದಲು ಜಾರಿಯಾಗುತ್ತದೆ.

ಬ್ಲಡ್ ಆರ್ಟಿಸ್ಟ್ ಎಂಬ ಕಾರ್ಡ್, ಯಾವುದೇ ಕ್ರೀಚರ್ (ಜೀವಿ ಕಾರ್ಡ್) ಸತ್ತಾಗ ಗುರಿಯಾದ ಆಟಗಾರರಿಂದ ಒಂದು ಲೈಫ್ ಕಳೆದು, ತನ್ನ ಆಟಗಾರರಿಗೆ ಒಂದು ಕೊಡುತ್ತದೆ; ಲೈಫ್ ಸೊನ್ನೆಯಾದವರು ಸೋಲುತ್ತಾರೆ. ಇಬ್ಬರ ಬಳಿಯೂ ಒಂದೊಂದು ಬ್ಲಡ್ ಆರ್ಟಿಸ್ಟ್ ಇದ್ದು, ಇಬ್ಬರಿಗೂ ಕೇವಲ ಒಂದು ಲೈಫ್ ಉಳಿದಿದೆ ಎನ್ನಿ. ನಿಮ್ಮ ಸರದಿಯಲ್ಲಿ ನೀವು ಬೇರೊಂದು ಕ್ರೀಚರನ್ನು ಬಲಿಕೊಟ್ಟರೆ ಎರಡೂ ಟ್ರಿಗರ್ ಆಗುತ್ತವೆ, ಆದರೆ ಎದುರಾಳಿಯದು ಮೊದಲು ಜಾರಿಯಾಗಿ, ನಿಮ್ಮದು ಸ್ಟ್ಯಾಕ್‌ನಲ್ಲಿ ಕಾಯುತ್ತಿರುವಾಗಲೇ ನೀವು ಸೋಲುತ್ತೀರಿ. ಅದೇ ಬಲಿಯನ್ನು ಎದುರಾಳಿಯ ಸರದಿಯಲ್ಲಿ ಕೊಟ್ಟರೆ ಗೆಲುವು ನಿಮ್ಮದು. ಕಾಂಬೊ (ಜೊತೆಯಾಗಿ ಕೆಲಸ ಮಾಡುವ ಕಾರ್ಡುಗಳ ಜೋಡಣೆ) ಕಟ್ಟುವಾಗ ಕಾರ್ಡುಗಳ ಆಯ್ಕೆಗಿಂತ ಈ ಲೆಕ್ಕಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಂದಹಾಗೆ, ಟ್ರಿಗರ್‌ನ ಗುರಿಯನ್ನು ಅದನ್ನು ಸ್ಟ್ಯಾಕ್‌ಗೆ ಏರಿಸುವಾಗಲೇ ಆರಿಸಬೇಕು, ಜಾರಿಯಾಗುವಾಗಲ್ಲ.