ತಲೆಕೆಳಗಾದ ‘ಕ’: ಕಂಪೋಸಿಟರ್‌ಗಳ ಲಾಂಛನ ಎಲ್ಲಿಗೆ ಬಂತು

ಹಿಂದಿನ ಸಲ ಬರೆದಾಗ ಲಾಂಛನ ಇನ್ನೂ ಪೆನ್ಸಿಲ್ ಗೀಚಾಟದಲ್ಲೇ ಇತ್ತು. ಈಗ ಒಂದು ಹಂತಕ್ಕೆ ಬಂದಿದೆ. ಅಚ್ಚಿಗೆ ಬ್ಲಾಕ್ (ಶಾಯಿ ಹಚ್ಚಿ ಚಿತ್ರ ಒತ್ತುವ ಉಬ್ಬು ಅಚ್ಚು) ಕೂಡ ಆಯಿತು, ಅದರದ್ದೇ ಒಂದು ತಮಾಷೆ ಇದೆ, ಆಮೇಲೆ ಹೇಳುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನಮ್ಮದು ಮಂಗಳೂರು ಕಡೆ. ದೊಡ್ಡಪ್ಪ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದವರು. ಅಂದರೆ ಸೀಸದ ಮೊಳೆಗಳನ್ನು (ತುದಿಯಲ್ಲಿ ಅಕ್ಷರ ಇರುವ ಅಚ್ಚುಗಳನ್ನು) ಒಂದೊಂದಾಗಿ ಕೇಸಿನಿಂದ, ಅಂದರೆ ಮನೆ ಮನೆ ಮಾಡಿದ ಪೆಟ್ಟಿಗೆಯಿಂದ ಹೆಕ್ಕಿ, ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಲ್ಲಿ ಜೋಡಿಸಿ, ಸಾಲು ಮಾಡಿ, ಸಾಲುಗಳನ್ನು ಗ್ಯಾಲಿ ಅನ್ನುವ ತಟ್ಟೆಗೆ ಇಳಿಸುತ್ತಿದ್ದವರು. 90ರ ದಶಕದಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಕ್ರಮ ಬಂತು, ಆ ಕೆಲಸವೇ ಹೋಯಿತು. ಕೆಲವರು ಕೀಬೋರ್ಡ್ ಕಲಿತರು, ಕೆಲವರು ಬೈಂಡಿಂಗ್‌ಗೆ ಹೋದರು, ದೊಡ್ಡಪ್ಪ ಸಣ್ಣದೊಂದು ಅಂಗಡಿ ಇಟ್ಟರು. ಹಳೇ ಪ್ರೆಸ್ಸಿನವರೆಲ್ಲ ಈಗ ವರ್ಷಕ್ಕೊಮ್ಮೆ ಸೇರುತ್ತಾರೆ. ಊಟ ಮಾಡುತ್ತಾರೆ, ಹಳೇ ಮಾಲೀಕರನ್ನು ಬೈಯುತ್ತಾರೆ, ಯಾರ ಪ್ರೂಫಿನಲ್ಲಿ ಯಾವ ತಪ್ಪು ಉಳಿದು ಎಂಥ ರಾದ್ಧಾಂತ ಆಗಿತ್ತು ಅಂತ ಮತ್ತೆ ಮತ್ತೆ ಹೇಳಿಕೊಂಡು ನಗುತ್ತಾರೆ. ಬ್ಯಾಡ್ಜಿಗೆ, ಬ್ಯಾನರಿಗೆ ನಮಗೂ ಒಂದು ಗುರುತು ಬೇಕು ಅಂತ ಅವರಲ್ಲಿ ಮಾತು ಬಂತು. ‘ನೀನು ಕಂಪ್ಯೂಟರಿನಲ್ಲಿ ಚಿತ್ರ ಎಲ್ಲ ಮಾಡ್ತೀಯಲ್ಲ, ನೀನೇ ಮಾಡು ಮಾರಾಯ್ತಿ’ ಅಂತ ದೊಡ್ಡಪ್ಪ ಅದನ್ನು ತಂದು ನನ್ನ ತಲೆಗೆ ಕಟ್ಟಿದರು.

ಮೊದಲು ಎಲ್ಲರೂ ಹೇಳಿದ್ದು ಟ್ರೆಡಲ್ ಮೆಷಿನ್ ಹಾಕು ಅಂತ. ದೊಡ್ಡ ಚಕ್ರ, ಕಾಲಿನಿಂದ ತುಳಿಯುವ ಪೆಡಲ್, ಚಿತ್ರಕ್ಕೆ ಚೆಂದ. ಆದರೆ ಅದು ಅಚ್ಚು ಒತ್ತುವ ಮೆಷಿನ್‌ಮ್ಯಾನ್ ಕೆಲಸ, ಕಂಪೋಸಿಟರ್‌ದಲ್ಲ. ಪ್ರೆಸ್ಸಿನೊಳಗೆ ಇವರಿಬ್ಬರದ್ದು ಬೇರೆ ಬೇರೆ ಜಾತಿ, ಅದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕಂಪೋಸಿಂಗ್ ಸ್ಟಿಕ್ ಬರೆದೆ. ಅದು ಏನೂಂತ ನಮ್ಮ ಮನೆಯ ಮಕ್ಕಳಿಗೆ ಗೊತ್ತಾಗಲಿಲ್ಲ. ಒಬ್ಬ ಸ್ಟೇಪ್ಲರ್ ಅಂದ.

ಆಮೇಲೆ ಇಸವಿಯ ಗಲಾಟೆ. ಲಾಂಛನದ ಕೆಳಗೆ 1843 ಅಂತ ಹಾಕಬೇಕು ಅಂತ ಒಬ್ಬರು ಹಟ ಹಿಡಿದಿದ್ದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರ ಜುಲೈ 1ಕ್ಕೆ, ನಮ್ಮದೇ ಊರಿನಿಂದ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕರು. ಹೆಮ್ಮೆಯ ವಿಷಯವೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕೈಯಲ್ಲಿ ಬರೆದದ್ದನ್ನು ಕಲ್ಲಿಗೆ ಇಳಿಸಿ ಒತ್ತುವ ಕ್ರಮ ಅದು. ಅದರಲ್ಲಿ ಮೊಳೆಯೇ ಇಲ್ಲ, ಸ್ಟಿಕ್ ಇಲ್ಲ, ಕಂಪೋಸಿಟರ್‌ಗೆ ಕೆಲಸವೂ ಇಲ್ಲ! ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು, ಮೊಳೆಯಲ್ಲಿ ಅಚ್ಚಾಗತೊಡಗಿದ್ದು ಅಲ್ಲಿ. ಇನ್ನೂ ಹಿಂದೆ ಹೋದರೆ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಮೊಳೆಯಲ್ಲೇ ಅಚ್ಚಾಗಿತ್ತು. ಅಂದರೆ ಕನ್ನಡ ಮೊಳೆ ಜೋಡಿಸಿದ ಮೊದಲ ಕೈಗಳು ಬಹುಶಃ ಕನ್ನಡ ಬಾರದ ಕೈಗಳು. ಇಷ್ಟೆಲ್ಲ ಹೇಳಿದ ಮೇಲೆ ಹಟ ಹಿಡಿದವರು ‘ಹಾಗಾದ್ರೆ 1894 ಹಾಕು’ ಅಂದರು. ಅದು ಕಿಟೆಲ್ ನಿಘಂಟಿನ ವರ್ಷ. ಇದಕ್ಕೆ ಮಾತ್ರ ನನಗೂ ಆಸೆಯಾಯಿತು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು, ಮಂಗಳೂರಿನಲ್ಲಿ ಕೈಯಲ್ಲಿ ಜೋಡಿಸಿದ್ದು, ಒಂದೇ ಸಾಲಿನಲ್ಲಿ ಕನ್ನಡ ಮೊಳೆ, ಇಂಗ್ಲಿಷ್ ಮೊಳೆ, ಮೇಲೆ ಕೆಳಗೆ ಚುಕ್ಕಿ ಗೆರೆ ಇರುವ ಮೊಳೆ. ಅದನ್ನು ಜೋಡಿಸಿದವರು ಯಾರು ಅಂತ ಅದರ ಶೀರ್ಷಿಕೆ ಪುಟದಲ್ಲಿ ಹುಡುಕಬೇಡಿ, ಅಲ್ಲಿರುವುದು ಕಿಟೆಲ್ ಹೆಸರು. ಆದರೂ ಕೊನೆಗೆ ಇಸವಿಯೇ ಬೇಡ ಅಂತಾಯಿತು. ಸಣ್ಣ ಬ್ಯಾಡ್ಜಿನಲ್ಲಿ ನಾಲ್ಕು ಅಂಕಿ ಸುಮ್ನೆ ಕಸ.

ಇಸವಿಗೆ ಇಷ್ಟು ಕೂದಲು ಸೀಳಬೇಕಾ ಅಂತ ಕೇಳಿದವರೂ ಇದ್ದಾರೆ. ಸೀಳಬೇಕು. ಯಾಕೆಂದರೆ ಲಾಂಛನ ಒಮ್ಮೆ ಅಂಟಿದರೆ ಬಿಡುವುದಿಲ್ಲ. ವೈದ್ಯರ ಗುರುತು ನೋಡಿ. ಗ್ರೀಕರ ವೈದ್ಯ ದೇವರು ಅಸ್ಕ್ಲೀಪಿಯಸ್‌ನ ಕೋಲಿಗೆ ಸುತ್ತಿರುವುದು ಒಂದೇ ಹಾವು. ಎರಡು ಹಾವು, ರೆಕ್ಕೆ ಇರುವ ಕೋಲು ಹರ್ಮಿಸ್‌ದು, ಅವನು ದೂತ, ವ್ಯಾಪಾರಿಗಳ ದೇವರು. 1902ರಲ್ಲಿ ಅಮೆರಿಕದ ಸೇನೆಯ ವೈದ್ಯ ವಿಭಾಗ ಈ ಎರಡನೆಯದನ್ನು ಸಮವಸ್ತ್ರಕ್ಕೆ ಹಾಕಿಕೊಂಡಿತು, ಅಲ್ಲಿಂದ ಹಬ್ಬಿತು, ಇವತ್ತು ನಮ್ಮೂರಿನ ಕ್ಲಿನಿಕ್ಕಿನ ಬೋರ್ಡಿನಲ್ಲೂ ವ್ಯಾಪಾರಿಗಳ ದೇವರ ಕೋಲೇ ಇರುತ್ತದೆ. (ಫೀಸು ನೋಡಿದರೆ ಅದೇ ಸರಿ ಅನ್ನುವವರೂ ಇದ್ದಾರೆ, ಬಿಡಿ.) ಅದೇ ಯುರೋಪಿನ ಮುದ್ರಕರ ಹಳೇ ಲಾಂಛನ ನೋಡಿದರೆ ಖುಷಿಯಾಗುತ್ತದೆ. ಅದರಲ್ಲೊಂದು ಗ್ರಿಫಿನ್, ಅಂದರೆ ಹದ್ದಿನ ತಲೆ ಸಿಂಹದ ಮೈಯ ಪ್ರಾಣಿ, ಕೈಯಲ್ಲಿ ಎರಡು ಶಾಯಿ ಚೆಂಡು ಹಿಡಿದಿದೆ. ರೋಲರ್ ಬರುವ ಮುಂಚೆ ಮೊಳೆಗೆ ಶಾಯಿ ಹಚ್ಚುತ್ತಿದ್ದದ್ದು ಒಳಗೆ ಉಣ್ಣೆ ತುಂಬಿದ ಈ ಚರ್ಮದ ಚೆಂಡುಗಳಿಂದಲೇ. ಆ ಚಿತ್ರ ಬರೆದವನಿಗೆ ಕೆಲಸ ಗೊತ್ತಿತ್ತು.

ನನ್ನ ತಲೆಯಲ್ಲಿದ್ದದ್ದು ಕನ್ನಡಿಯಲ್ಲಿ ಕಂಡ ಅಕ್ಷರ. ಮೊಳೆಯ ಮುಖದಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಹಾಗಾಗಿ ಎಡ ಬಲ ಅದಲುಬದಲಾದ ಅಕ್ಷರ ಹಾಕಿದರೆ ಮುಗಿಯಿತು ಅಂತ. ಪ್ರಿಂಟಿಂಗ್ ಅಂದರೆ ಎಲ್ಲರೂ ಮಾಡುವುದೂ ಅದನ್ನೇ. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. ‘ಇದು ನಾವು ನೋಡಿದ ಅಕ್ಷರ ಅಲ್ಲ’ ಅಂದರು. ಎದ್ದು ಹೋಗಿ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಟ್ಟಿದ್ದ ಮೊಳೆಗಳನ್ನು ಪೇಪರಿನ ಮೇಲೆ ಸುರಿದರು. ಎಡಗೈಯಲ್ಲಿ ಸ್ಟಿಕ್ ಇಲ್ಲ, ಆದರೂ ಅಂಗೈ ತನ್ನಷ್ಟಕ್ಕೆ ಆ ಆಕಾರಕ್ಕೆ ಬಂತು, ಹೆಬ್ಬೆರಳು ಸಾಲಿನ ಕೊನೆಯ ಮೊಳೆಗೆ ಒತ್ತಿ ನಿಂತಿತು.

ವಿಷಯ ಹೀಗೆ. ಮೊಳೆಯನ್ನು ನೆಟ್ಟಗೆ ಇಟ್ಟು ಓದಿದರೆ ಸಾಲು ಬಲದಿಂದ ಎಡಕ್ಕೆ ಹೋಗುತ್ತದೆ. ಕಂಪೋಸಿಟರ್ ಹಾಗೆ ಜೋಡಿಸುವುದಿಲ್ಲ. ಅವನು ಮೊಳೆಯನ್ನು ತಲೆಕೆಳಗಾಗಿ ಇಟ್ಟುಕೊಂಡು ಎಡದಿಂದ ಬಲಕ್ಕೇ ಜೋಡಿಸುತ್ತಾನೆ. ಆಗ ಸಾಲು ನಾವು ಓದುವ ದಿಕ್ಕಿನಲ್ಲೇ ಓಡುತ್ತದೆ, ಪ್ರತಿ ಅಕ್ಷರ ಮಾತ್ರ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕನ್ನಡಿ ಅಕ್ಷರವನ್ನು ಅರ್ಧ ಸುತ್ತು ತಿರುಗಿಸಿದರೆ ಸಿಗುವುದೂ ಅದೇ, ಬೇಕಾದರೆ ಟ್ರೇಸಿಂಗ್ ಪೇಪರಿನಲ್ಲಿ ಮಾಡಿ ನೋಡಿ. ಅಂದರೆ ಕನ್ನಡಿ ಅಕ್ಷರ ನೋಡುವುದು ಮೊಳೆಯನ್ನು ಕೈಯಲ್ಲಿ ಎತ್ತಿ ಬೆರಗಾಗುವ ಹೊರಗಿನವರು. ಕೆಲಸ ಮಾಡುವವನ ಕಣ್ಣಿಗೆ ದಿನವಿಡೀ ಕಾಣುವುದು ತಲೆಕೆಳಗಾದ ಅಕ್ಷರ. ಈ ಗುಂಪಿನ ಲಾಂಛನದಲ್ಲಿ ಇರಬೇಕಾದದ್ದು ಎರಡನೆಯದೇ ಅಂತ ನನಗೆ ಆಗಲೇ ಖಾತ್ರಿಯಾಯಿತು.

ಕನ್ನಡದ ಮಟ್ಟಿಗೆ ಇದರಲ್ಲಿ ಇನ್ನೊಂದು ಅನುಕೂಲ. ನಮ್ಮ ಎಷ್ಟೋ ಅಕ್ಷರ ದುಂಡಗೆ ಇವೆ. ರ, ಠ ಇವನ್ನು ಕನ್ನಡಿಗೆ ಹಿಡಿದರೆ ತಲೆಕಟ್ಟು ಬಿಟ್ಟು ಮತ್ತೇನೂ ಬದಲಾದ ಹಾಗೆ ಕಾಣುವುದಿಲ್ಲ. ಕ ಕೂಡ ಹೆಚ್ಚುಕಮ್ಮಿ ಹಾಗೇ. ಅದೇ ತಲೆಕೆಳಗು ಮಾಡಿದರೆ ತಲೆಕಟ್ಟು ಕಾಲಿಗೆ ಬರುತ್ತದೆ, ಕನ್ನಡ ಓದುವ ಯಾರಿಗಾದರೂ ತಕ್ಷಣ ‘ಏನೋ ಉಲ್ಟಾ ಇದೆ’ ಅಂತ ಹೊಡೆಯುತ್ತದೆ. ಮೊದಲು ರ ಹಾಕಿದ್ದೆ, ಸರಳವಾಗಿದೆ, ಎಷ್ಟು ಸಣ್ಣದಾದರೂ ಉಳಿಯುತ್ತದೆ ಅಂತ. ಅಮ್ಮ ನೋಡಿ ‘ಬಲ್ಬ್ ಹೋಲ್ಡರ್ ಹಾಗಿದೆ’ ಅಂದರು. ಆಮೇಲೆ ನನಗೂ ಅದು ಬಲ್ಬ್ ಆಗಿಯೇ ಕಾಣತೊಡಗಿತು. ಕ ಗೆದ್ದಿತು.

ಒತ್ತಕ್ಷರ ಹಾಕಬಹುದಿತ್ತು ಅಂತ ಈಗಲೂ ಒಂದು ಆಸೆ ಇದೆ. ಕನ್ನಡ ಕಂಪೋಸಿಟರ್‌ನ ನಿಜವಾದ ತಲೆನೋವು ಅಂದರೆ ಒತ್ತು. ಇಂಗ್ಲಿಷಿನವನಿಗೆ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ ಇಷ್ಟಾದರೆ ಮುಗಿಯಿತು. ಇಲ್ಲಿ ಗುಣಿತ ಬೇರೆ, ಒತ್ತು ಬೇರೆ, ದೀರ್ಘಕ್ಕೆ ಬೇರೆ ಮೊಳೆ, ಕೇಸಿನಲ್ಲಿ ಮನೆಗಳೋ ಮನೆಗಳು, ಅಷ್ಟನ್ನೂ ಕೈ ನೋಡದೇ ಹುಡುಕಬೇಕು. ಆದರೆ ಕ್ಕ ಅಂತ ಹಾಕಿ ತಲೆಕೆಳಗು ಮಾಡಿದರೆ ಬ್ಯಾಡ್ಜಿನ ಅಳತೆಯಲ್ಲಿ ಗೋಜಲು. ಬಿಟ್ಟೆ.

ಇನ್ನು ಚೌಕಟ್ಟು. ಮೊಳೆಯ ಒಂದು ಬದಿಯಲ್ಲಿ, ಅಕ್ಷರದ ಕಾಲಿನ ಕಡೆಗೆ, ಅಡ್ಡಕ್ಕೆ ಒಂದು ಸಣ್ಣ ಕಚ್ಚು ಇರುತ್ತದೆ, ನಿಕ್ ಅನ್ನುತ್ತಾರೆ. ಕೇಸಿನಿಂದ ಮೊಳೆ ಎತ್ತುವಾಗಲೇ ಬೆರಳಿಗೆ ಅದು ಸಿಗುತ್ತದೆ, ಯಾವ ಕಡೆ ಮೇಲೆ ಅಂತ ನೋಡುವ ಅಗತ್ಯವೇ ಇಲ್ಲ. ಜೋಡಿಸುವಾಗ ನಿಕ್ ಮೇಲ್ಮುಖ. ಸಾಲು ಸರಿಯಾಗಿದ್ದರೆ ಎಲ್ಲ ನಿಕ್ಕುಗಳೂ ಒಂದೇ ಗೆರೆಯಾಗಿ ಕೂರುತ್ತವೆ, ಒಂದು ಮೊಳೆ ತಿರುಗಿದ್ದರೂ, ಬೇರೆ ಫಾಂಟಿನದು ನುಸುಳಿದ್ದರೂ ಆ ಗೆರೆ ಮುರಿಯುತ್ತದೆ. ಇದು ಬೇಕೇ ಬೇಕು ಅಂತ ಅಲ್ಲಿದ್ದ ಎಲ್ಲರೂ ಒಂದೇ ಸಲ ಹೇಳಿದರು. ಬೇರೆ ಯಾವುದಕ್ಕೂ ಅವರು ಹಾಗೆ ಒಮ್ಮತಕ್ಕೆ ಬಂದದ್ದಿಲ್ಲ.

ಕಷ್ಟ ಏನೆಂದರೆ, ಮೊಳೆಯ ಮುಖವನ್ನು ನೇರವಾಗಿ ನೋಡಿದರೆ ನಿಕ್ ಕಾಣುವುದಿಲ್ಲ, ಅದು ಪಕ್ಕದಿಂದ ಮಾತ್ರ ಕಾಣುವಂಥದ್ದು. ಎರಡೂ ಕಾಣಬೇಕಾದರೆ ಓರೆಯಾಗಿ ಬರೆಯಬೇಕು. ಬರೆದೆ. ಮೊಳೆಯ ಎತ್ತರ 0.918 ಇಂಚು, ಅದಕ್ಕೆ ಸರಿಯಾಗಿ ಅಳತೆ ಹಿಡಿದು ಬರೆದರೆ ಉದ್ದನೆಯ ಕಂಬದ ತುದಿಯಲ್ಲಿ ಪುಟ್ಟದೊಂದು ಕ ಬಂತು. ಸಣ್ಣದು ಮಾಡಿದಾಗ ಅದೂ ಕಾಣೆ. ಕೊನೆಗೆ ಚೌಕಟ್ಟಿನ ಮೇಲಂಚಿನಲ್ಲೇ ಅರ್ಧ ವೃತ್ತದ ಕಚ್ಚು ತೆಗೆದೆ. ಲೆಕ್ಕಕ್ಕೆ ಸುಳ್ಳು, ಎರಡು ಕಡೆಯ ನೋಟವನ್ನು ಒಂದರಲ್ಲಿ ಸೇರಿಸಿದ ಹಾಗೆ. ದೊಡ್ಡಪ್ಪನಿಗೆ ತೋರಿಸಿದರೆ ಅವರು ಆ ಕಚ್ಚಿನ ಮೇಲೆ ಬೆರಳಾಡಿಸಿ ‘ಉಂಟಲ್ಲ, ಇಲ್ಲೇ ಅಲ್ವಾ ಇರುವುದು’ ಅಂದರು. ಸಾಕು.

ಕ ಅಕ್ಷರವನ್ನು ಕಂಪ್ಯೂಟರ್ ಫಾಂಟಿನಿಂದ ತೆಗೆದುಕೊಳ್ಳಲಿಲ್ಲ. ಬಾಟಲಿಯಲ್ಲಿದ್ದ 24 ಪಾಯಿಂಟಿನ (ಪಾಯಿಂಟ್ ಅಂದರೆ ಅಕ್ಷರದ ಗಾತ್ರದ ಅಳತೆ) ಮೊಳೆಯನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ, ಸ್ಕ್ಯಾನ್ ಮಾಡಿ ಅದರ ಮೇಲೆ ಗೆರೆ ಎಳೆದೆ. ಒತ್ತಿದಾಗ ಶಾಯಿ ಸ್ವಲ್ಪ ಹೊರಗೆ ಹರಡುತ್ತದೆ, ಮೂಲೆಗಳು ಮೊಂಡಾಗುತ್ತವೆ, ಅಡ್ಡಗೆರೆ ಕೂಡುವ ಜಾಗದಲ್ಲಿ ಸಣ್ಣ ಗಂಟು ಬೀಳುತ್ತದೆ. ಆ ಗಂಟನ್ನು ಹಾಗೇ ಉಳಿಸಿದ್ದೇನೆ. ಕೆಳಗಿನ ಸುರುಳಿಯ ಒಳಗಿನ ಬಿಳಿ ಜಾಗ ಮಾತ್ರ ಬೇಕಂತಲೇ ದೊಡ್ಡದು ಮಾಡಿದೆ, ಇಲ್ಲದಿದ್ದರೆ ರಬ್ಬರ್ ಸ್ಟಾಂಪಿನಲ್ಲಿ ಶಾಯಿ ತುಂಬಿ ಅಲ್ಲಿ ಕಪ್ಪು ಗುಡ್ಡೆ. ಬಣ್ಣ ಒಂದೇ, ಕಪ್ಪು. ಟ್ರೆಡಲಿನಲ್ಲಿ ಎರಡನೇ ಬಣ್ಣ ಅಂದರೆ ಎರಡನೇ ಸಲ ಓಡಿಸಬೇಕು, ಆ ಖರ್ಚು ಯಾರಿಗೂ ಬೇಡ.

ಹೌದು, ಟ್ರೆಡಲಿನಲ್ಲೇ ಹೊಡೆಸುವುದು. ಪೇಟೆಯಲ್ಲಿ ಇನ್ನೂ ಒಂದೆರಡು ಇವೆ. ಅಕ್ಷರ ಅಚ್ಚು ಮಾಡುವುದಿಲ್ಲ, ಬಿಲ್ ಬುಕ್ಕಿಗೆ ನಂಬರಿಂಗ್, ಆಮಂತ್ರಣ ಪತ್ರಿಕೆಗೆ ಕ್ರೀಸಿಂಗ್, ಪಂಚಿಂಗ್ ಅಂತ ಓಡುತ್ತಿವೆ. ಅದಕ್ಕೆ ಬೇಕಾದ ಬ್ಲಾಕ್ ಮಾಡಿಸಲು ಫೈಲ್ ಕಳಿಸಿದೆ. ಸಂಜೆ ಬ್ಲಾಕ್ ಮಾಡುವವರ ಫೋನ್: ‘ಮೇಡಂ, ನಿಮ್ಮ ಅಕ್ಷರ ಉಲ್ಟಾ ಇತ್ತು, ಸರಿ ಮಾಡಿ ಹಾಕಿದ್ದೇವೆ.’ ಹೋಗಿ ನೋಡಿದರೆ ಚೌಕಟ್ಟು, ನಿಕ್ ಎಲ್ಲ ಹಾಗೇ ಇದೆ, ಒಳಗಿನ ಕ ಮಾತ್ರ ನೆಟ್ಟಗೆ ನಿಂತಿದೆ! ಪಾಪ, ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಇನ್ನೊಮ್ಮೆ ಮಾಡಿಸಿದೆ, ಈ ಸಲ ಫೈಲಿನ ಮೇಲೆ ಕೆಂಪಕ್ಷರದಲ್ಲಿ ‘ಉಲ್ಟಾ ಇರುವುದೇ ಸರಿ’ ಅಂತ ಬರೆದು.

ಎರಡನೇ ಬ್ಲಾಕ್ ಕೈಗೆ ಬಂದಾಗ ಒಂದು ಮಜಾ ಕಂಡಿತು. ಬ್ಲಾಕಿನಲ್ಲಿ ಎಲ್ಲವೂ ಎಡ ಬಲ ಅದಲುಬದಲಾಗುತ್ತದೆ ತಾನೆ? ತಲೆಕೆಳಗಾದ ಕ ಹಾಗೆ ಅದಲುಬದಲಾದರೆ, ಬ್ಲಾಕನ್ನು ಅರ್ಧ ಸುತ್ತು ತಿರುಗಿಸಿ ಹಿಡಿದಾಗ ಅದು ಮಾಮೂಲಿ ಕ! ತಲೆಕಟ್ಟು ಮೇಲೆ, ನಿಕ್ ಕೆಳಗೆ, ಥೇಟ್ ಪುಸ್ತಕದಲ್ಲಿ ಓದುವ ಅಕ್ಷರ. ನಾನು ಇದನ್ನು ಲೆಕ್ಕ ಹಾಕಿ ಮಾಡಿದ್ದಲ್ಲ. ದೊಡ್ಡಪ್ಪನಿಗೆ ಹೇಳಿದರೆ ‘ಮತ್ತೆ, ಆಗಲೇಬೇಕಲ್ಲ’ ಅಂದರು, ಅವರಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣಲಿಲ್ಲ.

ಪರೀಕ್ಷೆಗೆ ಹೊಡೆಸಿದ ಕಾರ್ಡುಗಳು ಚೆನ್ನಾಗಿ ಬಂದಿವೆ. ಇಂಪ್ರೆಶನ್, ಅಂದರೆ ಅಚ್ಚಿನ ಒತ್ತಡ, ಸ್ವಲ್ಪ ಜಾಸ್ತಿಯಾಗಿ ಕಾಗದದ ಹಿಂದೆ ಗುರುತು ಎದ್ದಿತ್ತು. ಈಗಿನವರು ಅದನ್ನೇ ದುಡ್ಡು ಕೊಟ್ಟು ಮಾಡಿಸುತ್ತಾರೆ, ಆದರೆ ಹಿಂದೆ ಮೂಡಿದರೆ ಕೆಟ್ಟ ಕೆಲಸ ಅಂತ ಹಳಬರ ಲೆಕ್ಕ, ಹಾಗಾಗಿ ಇಂಪ್ರೆಶನ್ ಇಳಿಸಿದೆವು.

ಉಳಿದಿರುವುದು: ಟೋಪಿಗೆ ಕಸೂತಿ, ಅದರಲ್ಲಿ ಆ ಸಣ್ಣ ಸುರುಳಿ ಉಳಿಯುತ್ತದೋ ಇಲ್ಲವೋ ಹೊಲಿದೇ ನೋಡಬೇಕು. ಕೆಳಗೆ ‘ಕಂಪೋಸಿಟರ್’ ಅಂತ ಬರೆಯಬೇಕಾ ಬೇಡವಾ ಅನ್ನುವ ಜಗಳ ಇನ್ನೂ ನಡೆದಿದೆ, ನಾನು ಬೇಡದ ಕಡೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಹಳೇ ಕನ್ನಡ ಮೊಳೆಗಳಿದ್ದರೆ, ಅದರಲ್ಲೂ 36 ಪಾಯಿಂಟಿನ ಕ ಇದ್ದರೆ, ಮುಖದ್ದೊಂದು, ನಿಕ್ ಇರುವ ಬದಿಯದ್ದೊಂದು ಫೋಟೋ ಕಳಿಸಿ. ಬ್ಯಾನರಿಗೆ ದೊಡ್ಡ ಅಳತೆಯಲ್ಲಿ ಬರೆಯಬೇಕು, 24ರದ್ದನ್ನೇ ಹಿಗ್ಗಿಸಿದರೆ ಗಂಟು ವಿಪರೀತ ದಪ್ಪ ಕಾಣುತ್ತಿದೆ.